ಮೊಣಕಾಲುದ್ದ ಮುಂಬೈ

ಬೆಳಿಗ್ಗೆ ಏಳೂವರೆಗೆ ಕುಂದಾಪುರದಿಂದ ಅಮ್ಮನ ಫೋನು. "ಮಗಾ, ನೀರ್ ಎಲ್ಲಿವರಿಗೆ ಬಂತಾ?"

"ಇಲ್ಲ್ ಮಳಿಯೇ ಇಲ್ಲೆ ಅಮ್ಮ. ವಸ್ತ್ರ ಒಣ್ಗ್ಸ್ತಾ ಇದ್ದೆ."

"ಸುಳ್ಳ್ ಹೇಳ್ಬೇಡ. ಟೀವಿಯಗೆ ಕಾಣ್ತಾ ಇತ್ತ್."

ನಾನಿರುವುದು ಮುಂಬೈ ಹೊರಗಿನ ಡೊಂಬಿವಲಿಯಲ್ಲಿ, ಮೂರನೇ ಮಾಳಿಗೆ. ಗ್ಯಾಲರಿಯಲ್ಲಿ ಎಳೆಬಿಸಿಲು. ಆದರೂ ಅಮ್ಮನ ಮಾತಲ್ಲವೇ ಎಂದು ರಿಮೋಟಿನ ಬೆನ್ನಿಗೆ ಎರಡು ಪೆಟ್ಟು ಕೊಟ್ಟೆ (ಶೆಲ್ ಸತ್ತು ವಾರವಾಗಿದೆ). ಬೆಂಗಳೂರಿನ ಚಾನೆಲೊಂದು ಬಂತು. 'ಮುಂಬೈ ಮುಳುಗಡೆ!' ಹಿನ್ನೆಲೆಯಲ್ಲಿ ಗುಡುಗು. ಗುಡುಗಿದ್ದು ಆಕಾಶವಲ್ಲ, ಸ್ಟುಡಿಯೊ. ವರದಿಗಾರ ಹಿಂದ್‌ಮಾತಾದಲ್ಲಿ ನಿಂತಿದ್ದ.

ದಾದರ್, ಪರೇಲ್ ನಡುವಿನ ಈ ಜಾಗ ತಟ್ಟೆಯ ಹಾಗೆ ತಗ್ಗು. ಸುತ್ತಲಿನ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಅದು ಟೀವಿಯವರ ತವರುಮನೆ. ಅಲ್ಲಿಂದ ನಮ್ಮ ಡೊಂಬಿವಲಿಗೆ ಲೋಕಲ್‌ನಲ್ಲಿ ಸುಮಾರು ಒಂದು ಗಂಟೆಯ ದಾರಿ ಎಂದು ಅಮ್ಮನಿಗೆ ಹೇಳಿ ಪ್ರಯೋಜನವಿಲ್ಲ. ಪರದೆಯ ಮೇಲೆ ಎರಡೂ ಮುಂಬೈಯೇ.

ಅಲ್ಲೇ ಹೋಟೆಲೊಂದರ ಕ್ಯಾಶಿನಲ್ಲಿ ಕೂರುವ ಗೆಳೆಯನಿಗೆ ಫೋನಾಯಿಸಿದೆ. ಅವನು ನಕ್ಕಿದ್ದೇ ನಕ್ಕಿದ್ದು. "ಮಾರಾಯಾ, ಆ ಹುಡುಗ ಪಾಪ, ಆಳದ ಜಾಗ ಹುಡುಕಿ ಸುಸ್ತಾದ. ಕೊನೆಗೆ ನಮ್ಮ ಕ್ಲೀನರ್ ಹುಡುಗನೇ ತೋರಿಸಿಕೊಟ್ಟದ್ದು. ಹಿಂದೆ ಫುಟ್‌ಪಾತಿನಲ್ಲಿ ಹೆಂಗಸರು ಚಪ್ಪಲಿ ಒದ್ದೆಯಾಗದ ಹಾಗೆ ಹೋಗ್ತಾ ಇದ್ದರು, ಕ್ಯಾಮೆರಾದವನು ಅವರನ್ನು ಬಾಜೂ ಸರಿಸಿದ. ಲೈವ್ ಮುಗಿದದ್ದೇ ಬಂದು ಕಟಿಂಗ್ ಚಾ ಕುಡಿದ, ಪ್ಯಾಂಟು ಹಿಂಡಿದ, ಮತ್ತೆ ಇಳಿದ."

ಮಳೆಯನ್ನು ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಅಳೆಯುತ್ತದೆ, ಟೀವಿ ಮೊಣಕಾಲಿನಲ್ಲಿ. ಪಾದ ಮುಳುಗಿದರೆ ಸುದ್ದಿಯಲ್ಲ. ಮೊಣಕಾಲಾದರೆ ಬ್ರೇಕಿಂಗ್. ಸೊಂಟ ಸಿಕ್ಕರೆ ವರದಿಗಾರನಿಗೆ ಬಡ್ತಿಯೇ ಇರಬೇಕು. ಆದರೆ ಈ ಊರಿನ ಮಳೆಗೆ ಊರು ಪೂರ್ತಿ ಒಂದೇ ಎಂಬ ನಂಬಿಕೆಯೇ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿಯಿತು. ಅದೇ ದಿನ ಕೊಲಾಬಾದಲ್ಲಿ ನೂರೂ ದಾಟಲಿಲ್ಲ. ಅವತ್ತು ಕೊಲಾಬಾದಲ್ಲಿದ್ದವರ ಅಮ್ಮಂದಿರೂ ಮಕ್ಕಳನ್ನು ನಂಬಿರಲಿಕ್ಕಿಲ್ಲ.

ಚರಂಡಿಯ ಮಾತು ಮಾತ್ರ ಯಾರಿಗೂ ಬೇಡ. ಬ್ರಿಟಿಷರ ಕಾಲದ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಗೆ, ಅದೂ ಸಮುದ್ರ ಇಳಿದಿರುವಾಗ. ಭರತದ ಹೊತ್ತಿಗೆ ನೀರು ಹೊರಗೆ ಹೋಗುವ ಬದಲು ಒಳಗೇ ನಿಲ್ಲುತ್ತದೆ. ಆ 25ನ್ನು 50ಕ್ಕೆ ಏರಿಸಿ ಎಂದು 1993ರಲ್ಲೇ ವರದಿ ಬಂದಿತ್ತು. ಪಾಪ, ವರದಿಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸುವುದು ಹೇಗೆ? ಅದಕ್ಕೆ ಮೊಣಕಾಲಿಲ್ಲ.

ಬೈಯಲು ನಾನೇನು ಸಾಚಾ? ಭಾನುವಾರದ ಅಂಕಣ ಸಂಜೆಯೊಳಗೆ ಕಳಿಸಬೇಕಿತ್ತು. "ಮಳೆಯ ಬಗ್ಗೆಯೇ ಬರೀರಿ ಸರ್, ಬೇರೇನೂ ಓಡೋದಿಲ್ಲ" ಎಂದಿದ್ದರು ಪತ್ರಿಕೆಯವರು. ಫ್ಯಾನಿನ ಕೆಳಗೆ ಕೂತು, ಕಾಲು ಮೇಜಿನ ಮೇಲಿಟ್ಟು ಶುರು ಮಾಡಿದೆ: 'ಮೊಣಕಾಲುದ್ದ ನೀರಿನಲ್ಲಿ ನಿಂತು ಈ ಸಾಲು ಬರೆಯುತ್ತಿದ್ದೇನೆ.' ಓದಿ ನನಗೇ ಕಣ್ಣು ತುಂಬಿತು.

ನಾಲ್ಕು ಗಂಟೆಗೆ ರಿಮೋಟಿನ ಶೆಲ್ ತರಲು ಕೆಳಗಿಳಿದೆ. ಅಂಗಡಿ ಮುಟ್ಟುವಷ್ಟರಲ್ಲಿ ಆಕಾಶ ಕಳಚಿ ಬಿತ್ತು. ಅರ್ಧ ಗಂಟೆಯಲ್ಲಿ ಗಟಾರು ರಸ್ತೆಗೆ ಬಂತು, ರಸ್ತೆ ನಮ್ಮ ಕಂಪೌಂಡಿಗೆ ಬಂತು. ಎಡಗಾಲಿನ ಚಪ್ಪಲಿ ಸ್ಟೇಷನ್ ಕಡೆ ಹೊರಟೇಹೋಯಿತು. ಕರೆಂಟು ಹೋಯಿತು. ಗೇಟಿನ ಹತ್ತಿರ ನಿಜವಾಗಿಯೂ ಮೊಣಕಾಲುದ್ದ ನೀರಿನಲ್ಲಿ ನಿಂತು ಅತ್ತಿತ್ತ ನೋಡಿದೆ. ಒಂದು ಕ್ಯಾಮೆರಾ ಇಲ್ಲ.

ಆಗ ಮತ್ತೆ ಅಮ್ಮನ ಫೋನು. ದನಿಯಲ್ಲಿ ನಿರಾಳ. "ಈಗ ಎಂತ ಇಲ್ಲೆ ಅಲ್ದಾ? ಟೀವಿಯಗೆ ಯಾರ್‍ದೋ ಸಿನೆಮಾದರ್ ಮದಿ ತೋರ್ಸ್ತಾ ಇದ್ರ್."

"ಅಮ್ಮ, ಈಗ ಮೊಣಕಾಲಿನವರಿಗೆ ನೀರ್ ಬಂದಿತ್!"

"ಸುಳ್ಳ್ ಹೇಳ್ಬೇಡ ಮಗಾ. ವಸ್ತ್ರ ಒಣ್ಗಿತಾ?"