ಸೋತವನನ್ನು ಸ್ಟೇಜಿಗೆ ಕರೆಯಬೇಕಾ?

2024ರ ಜೂನ್ 24, ಸೋಮವಾರ ಸಂಜೆ. ಕೆನಡಾದ ಎಡ್ಮಂಟನ್‌ನಲ್ಲಿ ಇನ್ನೂ ಚೆನ್ನಾಗಿ ಬಿಸಿಲಿತ್ತು. ಆದರೂ ನಮ್ಮ ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಎಲ್ಲರೂ ಟಿವಿ ಮುಂದೆ. ಅತ್ತ ಫ್ಲಾರಿಡಾದಲ್ಲಿ ಐಸ್ ಹಾಕಿಯ ಸ್ಟಾನ್ಲಿ ಕಪ್ ಫೈನಲ್‌ನ ಏಳನೇ, ಕೊನೆಯ ಪಂದ್ಯ. ನಮ್ಮ ಎಡ್ಮಂಟನ್ ಆಯಿಲರ್ಸ್ ತಂಡ ಫ್ಲಾರಿಡಾ ಪ್ಯಾಂಥರ್ಸ್ ಎದುರು 2-1ರಲ್ಲಿ ಸೋತಿತು. ಎರಡೂ ತಂಡದವರು ಸಾಲಾಗಿ ನಿಂತು ಒಬ್ಬೊಬ್ಬರ ಕೈ ಕುಲುಕಿದರು. ನಮ್ಮವರು ತಲೆ ತಗ್ಗಿಸಿಕೊಂಡು ಒಳಗೆ ಹೋದರು.

ಆಮೇಲೆ ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಕಾನ್ ಸ್ಮೈಥ್ ಟ್ರೋಫಿ ಪ್ರಕಟವಾಯಿತು. ಅದು ಬಂದದ್ದು ಸೋತ ತಂಡದ ಕ್ಯಾಪ್ಟನ್ ಕಾನರ್ ಮೆಕ್‌ಡೇವಿಡ್‌ಗೆ. ಲೀಗಿನ ಕಮಿಷನರ್ ಮೈಕಿನಲ್ಲಿ ಹೆಸರು ಹೇಳಿದರು. ಆದರೆ ಅವನು ಹೊರಗೆ ಬರಲೇ ಇಲ್ಲ. ಟ್ರೋಫಿ ಅಲ್ಲೇ ಮೇಜಿನ ಮೇಲೆ ಉಳಿಯಿತು.

ಅಷ್ಟರಲ್ಲಿ ಮೈಸೂರಿನಿಂದ ಅಪ್ಪನ ಫೋನ್. ಅಲ್ಲಿ ಆಗ ಬೆಳಿಗ್ಗೆ ಎಂಟು ಗಂಟೆ ದಾಟಿತ್ತು, ವಾಕಿಂಗ್ ಮುಗಿಸಿ ಕಾಫಿ ಕುಡಿಯುತ್ತಿದ್ದರು. ನಾನು ಈ ವಿಷಯ ಹೇಳಿದೆ. ‘ಅಲ್ಲ ಕಣೋ, ಕರೆದು ಬಹುಮಾನ ಕೊಡ್ತಾರೆ, ಬರಲ್ಲ ಅಂದ್ರೆ ಏನರ್ಥ? ಕೊಹ್ಲಿ ಹೋಗಿ ಇಸ್ಕೊಳ್ಳಲಿಲ್ವಾ?’ ಅಂದರು.

ಅಪ್ಪ ಹೇಳಿದ್ದು 2023ರ ನವೆಂಬರ್ 19ರ ಅಹಮದಾಬಾದ್ ರಾತ್ರಿಯ ಮಾತು. ವಿಶ್ವಕಪ್ ಫೈನಲ್ ಸೋತು ಅರ್ಧ ಗಂಟೆ ಆಗಿರಲಿಕ್ಕಿಲ್ಲ. 765 ರನ್ ಹೊಡೆದವನು ಟೋಪಿ ಕೆಳಗೆ ಎಳೆದುಕೊಂಡು ಸ್ಟೇಜ್ ಹತ್ತಿದ, ಸರಣಿಶ್ರೇಷ್ಠ ಟ್ರೋಫಿ ಇಸ್ಕೊಂಡ, ಇಳಿದ. ಆ ಮುಖ ನೋಡಿದವರಿಗೆಲ್ಲ ನೆನಪಿದೆ. ಅಪ್ಪನ ಲೆಕ್ಕದಲ್ಲಿ ಅದು ಮರ್ಯಾದೆ. ನನಗೋ ಅವತ್ತೂ ಅದು ಶಿಕ್ಷೆಯ ಹಾಗೆ ಕಂಡಿತ್ತು. ಈಗಂತೂ ಹಾಗೇ ಅನಿಸುತ್ತದೆ.

ಈ ವಾದಕ್ಕೆ ನಾನು ಹೇಗೆ ಬಂದೆ ಅಂದರೆ ಇಡೀ ಸೀಸನ್ ಹೇಳಬೇಕಾಗುತ್ತದೆ.

ಮೊದಲಿಗೆ, ನಮ್ಮ ಕಡೆ ಹಾಕಿ ಅಂದರೆ ಕೊಡಗು. ಐಸ್ ಹಾಕಿ ಅಂದರೆ ಅಪ್ಪನಿಗೆ ಈಗಲೂ ‘ಅದೇನೋ ಜಾರೋ ಆಟ’. ನಾನೂ ಇಲ್ಲಿಗೆ ಬಂದ ಹೊಸದರಲ್ಲಿ ಪಕ್ (ಚೆಂಡಿನ ಬದಲು ಇರುವ ಚಪ್ಪಟೆ ಬಿಲ್ಲೆ) ಎಲ್ಲಿದೆ ಅಂತ ಹುಡುಕುವುದರಲ್ಲೇ ಪಂದ್ಯ ಮುಗಿಯುತ್ತಿತ್ತು. ಆದರೆ ಈ ಊರಲ್ಲಿ ಚಳಿಗಾಲ ಕಳೆಯಬೇಕು ಅಂದರೆ ಆಯಿಲರ್ಸ್ ಬೇಕೇ ಬೇಕು. ಆಫೀಸಿನಲ್ಲಿ, ಹೇರ್‌ಕಟ್ ಅಂಗಡಿಯಲ್ಲಿ, ಮಗಳ ಶಾಲೆಯ ಗೇಟಿನಲ್ಲಿ ಅದೇ ಮಾತು. ಸುಮ್ನೆ ತಲೆ ಆಡಿಸುತ್ತಾ ಆಡಿಸುತ್ತಾ ನಾನೂ ಅಂಟಿಕೊಂಡೆ.

ಸೀಸನ್ ಶುರುವಾಗಿದ್ದು 2023ರ ಅಕ್ಟೋಬರ್ 11ಕ್ಕೆ. ಮೊದಲ ಪಂದ್ಯದಲ್ಲೇ ವ್ಯಾಂಕೂವರ್ ಎದುರು 8-1ರ ಸೋಲು. ಕಪ್ ಗೆಲ್ಲುತ್ತಾರೆ ಅಂತ ಎಲ್ಲರೂ ಹೇಳುತ್ತಿದ್ದ ತಂಡ ಅದು. 13 ಪಂದ್ಯ ಮುಗಿದಾಗ ಗೆದ್ದಿದ್ದು 3. ನವೆಂಬರ್‌ನಲ್ಲಿ ಲೀಗಿನ ಅತಿ ದುರ್ಬಲ ತಂಡವಾದ ಸ್ಯಾನ್ ಹೋಸೆಗೂ ಸೋತರು. ಮೂರು ದಿನ ಬಿಟ್ಟು, ನವೆಂಬರ್ 12ರಂದು ಕೋಚ್ ಜೇ ವುಡ್‌ಕ್ರಾಫ್ಟ್‌ಗೆ ಗೇಟ್ ಪಾಸ್. 2022ರಲ್ಲಿ ತಂಡವನ್ನು ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್, ಅಂದರೆ ಸೆಮಿಫೈನಲ್ ತನಕ ಕರೆದುಕೊಂಡು ಹೋದ ಮನುಷ್ಯ! ಅವನ ಜಾಗಕ್ಕೆ ಬಂದವನು ಕ್ರಿಸ್ ಕ್ನಾಬ್ಲಾಕ್. ಮೆಕ್‌ಡೇವಿಡ್ ಹುಡುಗನಾಗಿ ಜೂನಿಯರ್ ಲೀಗ್ ಆಡುವಾಗ ಅವನಿಗೆ ಕೋಚ್ ಆಗಿದ್ದವನು.

ಅಲ್ಲಿಂದ ಗಾಳಿ ತಿರುಗಿತು. ಡಿಸೆಂಬರ್ 21ರಿಂದ ಜನವರಿ 27ರವರೆಗೆ ಸತತ 16 ಗೆಲುವು. 1992-93ರ ಪಿಟ್ಸ್‌ಬರ್ಗ್ ದಾಖಲೆಗೆ ಒಂದೇ ಒಂದು ಕಡಿಮೆ. ಅದರ ನಡುವೆ ಆ ಭಯಂಕರ ಚಳಿ. ಮೈನಸ್ 40 ದಾಟಿತ್ತು. ರಾತ್ರಿ ಕಾರಿನ ಎಂಜಿನ್ ಹೀಟರಿಗೆ ಪ್ಲಗ್ ಹಾಕದೇ ಇದ್ದರೆ ಬೆಳಿಗ್ಗೆ ಅದು ಕಲ್ಲು. ಜನವರಿ 13ರ ಸಂಜೆ ಎಲ್ಲರ ಫೋನೂ ಒಟ್ಟಿಗೆ ಕಿರುಚಿದವು: ಕರೆಂಟ್ ಸಾಲುತ್ತಿಲ್ಲ, ಬೇಡದ್ದನ್ನೆಲ್ಲ ಆರಿಸಿ ಅಂತ ಸರ್ಕಾರದ ಎಚ್ಚರಿಕೆ. ಲೈಟ್ ಆರಿಸಿದೆವು. ವಾಷಿಂಗ್ ಮಷೀನ್ ನಿಲ್ಲಿಸಿದೆವು. ಟಿವಿ ಮಾತ್ರ ಆರಿಸಲಿಲ್ಲ, ಮಾಂಟ್ರಿಯಲ್ ಜೊತೆ ಮ್ಯಾಚ್ ಇತ್ತು. ಬೇಡದ್ದು ಯಾವುದು ಅನ್ನುವುದು ಅವರವರಿಗೆ ಬಿಟ್ಟಿದ್ದು, ಅಲ್ವಾ?

ಈ ಹೊತ್ತಲ್ಲೇ ಒಂದು ವಿಷಯ ಗಮನಕ್ಕೆ ಬಂತು. ಈ ಆಟದ ನಿಯಮಗಳಲ್ಲಿ ಸೋತವನಿಗೂ ಒಂದು ಪಾಲು ಇದೆ. ಲೀಗ್ ಹಂತದಲ್ಲಿ ಗೆದ್ದರೆ 2 ಅಂಕ. 60 ನಿಮಿಷ ಸಮವಾಗಿ ಆಡಿ ಓವರ್‌ಟೈಮ್‌ನಲ್ಲೋ ಶೂಟೌಟ್‌ನಲ್ಲೋ ಸೋತರೂ 1 ಅಂಕ. ಆಯಿಲರ್ಸ್ 82 ಪಂದ್ಯದಲ್ಲಿ 49 ಗೆದ್ದರು, 27 ಸೋತರು, ಇನ್ನು 6 ಇಂಥ ಅರೆಬರೆ ಸೋಲು. ಒಟ್ಟು 104 ಅಂಕ. ನಮ್ಮ ಸೂಪರ್ ಓವರ್ ನೆನೆಸಿಕೊಳ್ಳಿ. 40 ಓವರ್ ಸರಿಸಮ ಆಡಿದವನಿಗೂ ಕೊನೆಗೆ ಸಿಗುವುದು ಸೊನ್ನೆ.

ಇನ್ನೂ ದೊಡ್ಡದು ಡ್ರಾಫ್ಟ್. ಇಲ್ಲಿ ಹೊಸ ಹುಡುಗರನ್ನು ಹರಾಜು ಹಾಕುವುದಿಲ್ಲ. ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ, ಹಿಂದಿನ ವರ್ಷ ಹೀನಾಯವಾಗಿ ಆಡಿದವರ ಸರದಿ ಮೊದಲು. ಬೇಕಂತಲೇ ಸೋಲಬಾರದು ಅಂತ ತುದಿಗೆ ಒಂದು ಲಾಟರಿ ಇಟ್ಟಿದ್ದಾರೆ. ಆಯಿಲರ್ಸ್ 2007ರಿಂದ 2016ರವರೆಗೆ ಹತ್ತು ವರ್ಷ ಪ್ಲೇಆಫ್ ಮುಖವನ್ನೇ ನೋಡಿರಲಿಲ್ಲ. 2015ರಲ್ಲಿ ಕೊನೆಯಿಂದ ಮೂರನೆಯವರು. ಲಾಟರಿ ಹೊಡೆಯಿತು, ಮೆಕ್‌ಡೇವಿಡ್ ಸಿಕ್ಕ. ಅಂದರೆ ಈ ಹುಡುಗ ಈ ಊರಿಗೆ ಬಂದದ್ದೇ ಸೋಲಿನ ದೆಸೆಯಿಂದ.

ಹಾಗಂತ ಇಲ್ಲಿಯ ಜನ ಸಾಧುಗಳು ಅಂತ ತಿಳಿಯಬೇಡಿ. 2014ರಲ್ಲಿ ಅಭಿಮಾನಿಯೊಬ್ಬ ಸಿಟ್ಟಿನಿಂದ ತನ್ನ ಜರ್ಸಿಯನ್ನೇ ಐಸ್ ಮೇಲೆ ಎಸೆದಿದ್ದ. ಗೋಲ್‌ಕೀಪರ್ ಬೆನ್ ಸ್ಕ್ರಿವೆನ್ಸ್ ಅದನ್ನು ಎತ್ತಿ ವಾಪಸ್ ಪ್ರೇಕ್ಷಕರ ಕಡೆಗೇ ಎಸೆದ. ಇನ್ನು ಹದಿಮೂರೇ ಪಂದ್ಯಕ್ಕೆ ಕೋಚ್‌ನ ಕುತ್ತಿಗೆ ಹಿಡಿದು ಆಚೆ ಹಾಕಿದ್ದು ಹೇಳಿದೆನಲ್ಲ. ಇವರ ಕರುಣೆಯೆಲ್ಲ ನಿಯಮದ ಪುಸ್ತಕದಲ್ಲಿದೆ.

ನಮ್ಮಲ್ಲಿ ಉಲ್ಟಾ. ಐಪಿಎಲ್ ನಿಯಮಕ್ಕೆ ಯಾರ ಮೇಲೂ ಕನಿಕರ ಇಲ್ಲ. ಇರುವ ಕನಿಕರವೆಲ್ಲ ಆರ್‌ಸಿಬಿ ಅಭಿಮಾನಿಯ ಹತ್ತಿರ. 2008ರಿಂದ 2024ರವರೆಗೆ ಕಪ್ ಬಂದಿರಲಿಲ್ಲ, ಆದರೂ ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’. 2024ನ್ನೇ ನೋಡಿ. ಮೊದಲ ಎಂಟು ಪಂದ್ಯದಲ್ಲಿ ಗೆದ್ದಿದ್ದು ಒಂದು. ಬಯ್ದವರು ಇದ್ದರು, ನಾನೂ ಬಯ್ದೆ, ವಾಟ್ಸ್ಯಾಪ್‌ನಲ್ಲಿ ಏನೇನು ಬರೆದೆ ಅಂತ ಕೇಳಬೇಡಿ. ಆದರೆ ಚಿನ್ನಸ್ವಾಮಿ ಕ್ರೀಡಾಂಗಣ ಖಾಲಿ ಹೊಡೆಯಲಿಲ್ಲ. ಆಮೇಲೆ ಸತತ ಆರು ಗೆಲುವು. ನನಗೆ ಇಲ್ಲಿ ಕೂತು ಎರಡೂ ತಂಡದ ಕಥೆ ಒಂದೇ ಕೈಬರಹದಲ್ಲಿ ಬರೆದ ಹಾಗೆ ಕಂಡಿತು.

ಮೇ 18ರ ಶನಿವಾರ ಮರೆಯುವಂಥದ್ದಲ್ಲ. ಬೆಳಿಗ್ಗೆ ಎಂಟಕ್ಕೆ, ಇಡ್ಲಿ ಹಬೆಗಿಟ್ಟು, ಆರ್‌ಸಿಬಿ-ಚೆನ್ನೈ ಪಂದ್ಯ. 18 ರನ್ನಿಂದ ಗೆಲ್ಲಬೇಕಿತ್ತು, 27ರಿಂದ ಗೆದ್ದರು. ಸಂಜೆ ಆಯಿಲರ್ಸ್ ವ್ಯಾಂಕೂವರ್ ಎದುರು ಸರಣಿಯಲ್ಲಿ 2-3 ಹಿಂದಿದ್ದವರು 5-1ರಲ್ಲಿ ಗೆದ್ದರು. ಒಂದೇ ದಿನ ಎರಡು ಜೀವದಾನ. ಹೆಂಡತಿ ಅವತ್ತು ನನ್ನನ್ನು ಮನುಷ್ಯರ ಲೆಕ್ಕದಿಂದ ತೆಗೆದುಬಿಟ್ಟಿದ್ದಳು.

ನಾಲ್ಕು ದಿನ ಆಯಿತು. ಮೇ 22ರಂದು ಎಲಿಮಿನೇಟರ್‌ನಲ್ಲಿ ರಾಜಸ್ಥಾನ 4 ವಿಕೆಟ್‌ನಿಂದ ಗೆದ್ದಿತು. ಮುಗಿಯಿತು. ಆರು ಪಂದ್ಯ ಹಲ್ಲು ಕಚ್ಚಿ ಗೆದ್ದವರ ಕಥೆ ಒಂದೇ ರಾತ್ರಿಗೆ ಸಮಾಪ್ತಿ. ದಿನೇಶ್ ಕಾರ್ತಿಕ್ ಕೈಗವಸು ಬಿಚ್ಚಿ ಎಲ್ಲರಿಗೂ ಕೈ ಬೀಸುತ್ತಾ ಹೋದರು. ನಾನು ಆಫೀಸಿನ ಊಟದ ಮನೆಯಲ್ಲಿ ಫೋನ್ ಹಿಡಿದು ಕೂತಿದ್ದೆ, ಮೊಸರನ್ನ ಹಾಗೇ ಉಳಿಯಿತು.

ಇದೇ ನಿಯಮ ಇಲ್ಲಿದ್ದಿದ್ದರೆ? ವ್ಯಾಂಕೂವರ್ ಸರಣಿಯ ಮೊದಲ ಪಂದ್ಯದಲ್ಲೇ ಆಯಿಲರ್ಸ್ 4-1ರ ಮುನ್ನಡೆ ಕೈಬಿಟ್ಟು 5-4ರಲ್ಲಿ ಸೋತಿದ್ದರು. ಅಲ್ಲಿಗೇ ಮನೆಗೆ ಹೋಗುತ್ತಿದ್ದರು. ಇಲ್ಲಿ ಒಂದು ತಂಡವನ್ನು ಹೊರಹಾಕಬೇಕು ಅಂದರೆ ನಾಲ್ಕು ಸಲ ಸೋಲಿಸಬೇಕು. ಲಾಸ್ ಏಂಜಲಿಸ್‌ ಅನ್ನು ಐದು ಪಂದ್ಯದಲ್ಲಿ, ವ್ಯಾಂಕೂವರ್‌ ಅನ್ನು ಏಳರಲ್ಲಿ, ಡಲ್ಲಸ್‌ ಅನ್ನು ಆರರಲ್ಲಿ ಕಳಿಸಿ ಫೈನಲ್ ತಲುಪಿದರು. ಒಂದು ಕೆಟ್ಟ ರಾತ್ರಿಗೆ ಇಲ್ಲಿ ಕ್ಷಮೆ ಇದೆ. ಮೂರು ಕೆಟ್ಟ ರಾತ್ರಿಗೂ ಇದೆ.

ಫೈನಲ್‌ನಲ್ಲಿ ಆ ಮೂರನ್ನೂ ಖರ್ಚು ಮಾಡಿಬಿಟ್ಟರು. ಫ್ಲಾರಿಡಾ 3-0 ಮುಂದೆ. ಫೈನಲ್‌ನಲ್ಲಿ ಅಲ್ಲಿಂದ ಎದ್ದು ಬಂದು ಕಪ್ ಗೆದ್ದ ತಂಡ ಒಂದೇ, 1942ರ ಟೊರಾಂಟೊ. ನಾಲ್ಕನೇ ಪಂದ್ಯ 8-1. ಹೌದು, ಅಕ್ಟೋಬರ್‌ನಲ್ಲಿ ತಿಂದ ಅದೇ ಏಟು, ಈ ಸಲ ನಾವು ಕೊಟ್ಟಿದ್ದು. ಐದನೆಯದು 5-3. ಜೂನ್ 21ರಂದು ಆರನೆಯದು ನಮ್ಮೂರಲ್ಲೇ, 5-1. ಟಿಕೆಟ್ ಬೆಲೆ ನೋಡಿದ ಮೇಲೆ ನಾವು ಹೊರಗೆ ದೊಡ್ಡ ಪರದೆ ಹಾಕಿದ್ದ ಜಾಗಕ್ಕೆ ಹೋದೆವು. ಆ ಜಾಗಕ್ಕೆ ಇವರು ಇಟ್ಟ ಹೆಸರು ಮಾಸ್ ಪಿಟ್. ಜೋಯಿ ಮಾಸ್ ಎಂಬುವರ ನೆನಪಿಗೆ. ಡೌನ್ ಸಿಂಡ್ರೋಮ್ ಇದ್ದ ಅವರು 80ರ ದಶಕದಿಂದ ಆಯಿಲರ್ಸ್ ಡ್ರೆಸ್ಸಿಂಗ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದರು. 2020ರಲ್ಲಿ ತೀರಿಕೊಂಡರು. ಗೋಲು ಹೊಡೆದವರ ಹೆಸರಿಗಿಂತ ಮೊದಲು ಟವೆಲ್ ಮಡಚಿಟ್ಟವರ ಹೆಸರು ಜನರ ಬಾಯಲ್ಲಿರುವುದು ನನಗೆ ತುಂಬಾ ಹಿಡಿಸಿದ ಸಂಗತಿ. ರಾತ್ರಿ ಹತ್ತು ಗಂಟೆ, ಇನ್ನೂ ಬೆಳಕಿತ್ತು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ರೈಲು ನಿಲ್ದಾಣದ ತನಕ ನಡೆದೆವು.

ಏಳನೆಯದರ ಕಥೆ ಮೊದಲೇ ಹೇಳಿದೆ.

ಈಗ ಅಪ್ಪನ ಪ್ರಶ್ನೆಗೆ ಬರುತ್ತೇನೆ. ಮೆಕ್‌ಡೇವಿಡ್ ಆ ಪ್ಲೇಆಫ್‌ನಲ್ಲಿ 34 ಅಸಿಸ್ಟ್ (ಬೇರೆಯವರ ಗೋಲಿಗೆ ನೆರವಾದ ಪಾಸ್) ಕೊಟ್ಟ. ಅಲ್ಲಿಯತನಕ ಅಷ್ಟು ಯಾರೂ ಕೊಟ್ಟಿರಲಿಲ್ಲ, ಈ ಆಟದ ದಿಗ್ಗಜ ವೇನ್ ಗ್ರೆಟ್ಸ್‌ಕಿಯ 1988ರ 31 ಹಿಂದೆ ಬಿತ್ತು. ಗೋಲ್‌ಕೀಪರ್ ಅಲ್ಲದೆ, ಸೋತ ತಂಡದಿಂದ ಆ ಟ್ರೋಫಿ ಪಡೆದವನು ಅವನಿಗಿಂತ ಮೊದಲು ಒಬ್ಬನೇ, 1976ರಲ್ಲಿ ರೆಗ್ಗಿ ಲೀಚ್. ಇಷ್ಟೆಲ್ಲ ಇದ್ದೂ ಅವನು ಬರಲಿಲ್ಲ. ಮಾರನೇ ದಿನ ಆಫೀಸಿನಲ್ಲಿ ಕಿವಿಗೊಟ್ಟು ಕೇಳಿದೆ. ‘ಸೊಕ್ಕು’ ಅಂದವರು ಒಬ್ಬರೂ ಸಿಗಲಿಲ್ಲ. ಪಕ್ಕದ ಟೇಬಲ್ಲಿನ ಹಿರಿಯರೊಬ್ಬರನ್ನು ಕೆದಕಿದೆ. ‘ಅವನ ಕೆಲಸ ಮುಗಿದಿತ್ತು. ಕೈ ಕುಲುಕಿದನಲ್ಲ’ ಅಂದರು. ಅಷ್ಟೇ.

ಆ ಕೈ ಕುಲುಕುವುದನ್ನು ನಾನು ಈ ಆಟದ ದೊಡ್ಡ ಗುಣ ಅಂತ ಎಣಿಸುತ್ತೇನೆ. ಸರಣಿ ನಡೆಯುವಾಗ ದಿನಾ ಕುಲುಕುವುದಿಲ್ಲ. ಎರಡು ವಾರ ಗೋಡೆಗೆ ಒತ್ತಿ, ಗುದ್ದಿ, ಹಲ್ಲು ಉದುರಿಸಿಕೊಂಡ ಮೇಲೆ, ಕೊನೆಯ ದಿನ ಒಂದೇ ಸಲ. ಕ್ಯಾಮೆರಾ ಇದ್ದರೂ ಮೈಕ್ ಇರುವುದಿಲ್ಲ. ಏನಂದುಕೊಂಡರು ಅಂತ ನಮಗೆ ಕೇಳುವುದಿಲ್ಲ. ಆಮೇಲೆ ಸೋತವನು ಒಳಗೆ ಹೋಗಬಹುದು. ಅಲ್ಲಿ ವರದಿಗಾರರು ಕಾಯುತ್ತಿರುತ್ತಾರೆ ನಿಜ, ಆದರೆ ಗೆದ್ದವರ ಪಟಾಕಿಯ ಕೆಳಗೆ ನಿಂತು ಉತ್ತರ ಕೊಡುವ ಪಾಡು ಇಲ್ಲ. ಕ್ರಿಕೆಟ್‌ನಲ್ಲಿ ಪಂದ್ಯ ಮುಗಿದ ಕೂಡಲೇ ಮೊದಲು ಕರೆಯುವುದೇ ಸೋತ ಕ್ಯಾಪ್ಟನ್ನನ್ನು. ಎಲ್ಲಿ ತಪ್ಪಾಯ್ತು ಅಂತ ಕೇಳುತ್ತಾರೆ. ಅವನು ಹತ್ತು ರನ್ ಕಮ್ಮಿ ಆಯ್ತು ಅನ್ನುತ್ತಾನೆ. ಇದರಿಂದ ಯಾರಿಗೆ ಏನು ಸಿಗುತ್ತದೆ?

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಒಪ್ಪಲಿಲ್ಲ. ‘ಮದುವೆ ಮನೇಲಿ ಜಗಳ ಆದ್ರೂ ಊಟ ಮಾಡ್ಕೊಂಡೇ ಬರಬೇಕಪ್ಪ’ ಅಂದರು. ಅದೂ ಸುಳ್ಳಲ್ಲ. ಆ ವಾಕ್ಯಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಐದು ದಿನ ಬಿಟ್ಟು, ಜೂನ್ 29ರಂದು, ಬಾರ್ಬಡೋಸ್‌ನಲ್ಲಿ ಭಾರತ 7 ರನ್ನಿಂದ ಟಿ20 ವಿಶ್ವಕಪ್ ಗೆದ್ದಿತು. ನಮಗಿಲ್ಲಿ ಮಧ್ಯಾಹ್ನ. ಫೋನಿನಲ್ಲಿ ಅಪ್ಪನ ಜೊತೆಗೇ ನೋಡುತ್ತಿದ್ದೆ. ನಮ್ಮ ರಾಹುಲ್ ದ್ರಾವಿಡ್ ಕೈಗೆ ಕಪ್ ಸಿಕ್ಕಿ, ಆ ಶಾಂತ ಮನುಷ್ಯ ಕಿರುಚಿದಾಗ ಅಪ್ಪ ಅತ್ತುಬಿಟ್ಟರು. ನನಗೂ ಗಂಟಲು ಕಟ್ಟಿತ್ತು. ಆದರೆ ಅದಕ್ಕೆ ಮೊದಲೇ ಮೈಕ್ ಮುಂದೆ ದಕ್ಷಿಣ ಆಫ್ರಿಕಾದ ಕ್ಯಾಪ್ಟನ್ ಏಡನ್ ಮಾರ್ಕ್ರಮ್‌ ಅವರನ್ನು ಕರೆದಿದ್ದರು. 30 ಎಸೆತಕ್ಕೆ 30 ರನ್ ಬೇಕಿದ್ದ ಪಂದ್ಯ ಕಳೆದುಕೊಂಡು ಬಂದು ನಿಂತಿದ್ದರು. ‘ಟಿವಿ ಮ್ಯೂಟ್ ಮಾಡ್ಲಾ ಅಪ್ಪ?’ ಅಂದೆ.

‘ಮಾಡು, ಪಾಪ’ ಅಂದರು.