'ಸೆನ್ಸೇ' ಅಂದರೆ ಕರಾಟೆ ಗುರು ಮಾತ್ರವೇ?

ಮಕ್ಕಳನ್ನು ಕರಾಟೆಗೆ ಸೇರಿಸುವ ಹೊತ್ತಿಗೆ ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಹಳೇ ಸಂದೇಶವೊಂದು ಮತ್ತೆ ಬರುತ್ತದೆ: 'ಸೆನ್ಸೇ' ಅಂದರೆ ಯುದ್ಧಕಲೆಯ ಮಹಾಗುರುವಿಗಷ್ಟೇ ಸಲ್ಲುವ ಬಿರುದು ಅಂತ. ಅದು ಹಾಗಲ್ಲ.

ಜಪಾನಿ ಭಾಷೆಯಲ್ಲಿ ಆ ಪದದ ಮೂಲ ಅರ್ಥ 'ಮೊದಲು ಹುಟ್ಟಿದವರು'. ಅಲ್ಲಿ ಶಾಲೆಯ ಮಾಷ್ಟ್ರೂ ಸೆನ್ಸೇ, ಡಾಕ್ಟರೂ ಸೆನ್ಸೇ, ವಕೀಲರೂ ಸೆನ್ಸೇ. ಇನ್ನೊಬ್ಬರು ಗೌರವದಿಂದ ಕರೆಯುವ ಮಾತದು. ತನಗೆ ತಾನೇ ಹಚ್ಚಿಕೊಂಡರೆ ಅಲ್ಲಿಯವರಿಗೆ ಕಸಿವಿಸಿ. ನಮ್ಮ ಕಡೆ ಕೇರಳದ ಯುದ್ಧಕಲೆ ಕಳರಿ ಕಲಿಸುವವರನ್ನು 'ಗುರುಕ್ಕಳ್' ಅನ್ನುತ್ತಾರಲ್ಲ, ಅದೂ ಗುರುವಿಗೆ ಗೌರವದ ಬಹುವಚನವೇ.

ಸಂದೇಶ ಕಳಿಸಿದವರು ಅಭಿಮಾನದಿಂದಲೇ ಕಳಿಸಿರುತ್ತಾರೆ, ಬಿಡಿ. ಅನುಮಾನವಿದ್ದರೆ ಜಪಾನಿ ನಿಘಂಟು ತೆರೆದು ಪದ ಹುಡುಕಿ, ಎರಡು ನಿಮಿಷದ ಕೆಲಸ. ಕಲಿಸುವವರ ಮಟ್ಟ ತಿಳಿಯಬೇಕೇ? ಸುಮ್ನೆ ಬಿರುದು ನೋಡಬೇಡಿ; ಎಷ್ಟನೇ ಡಾನ್ (ಕಪ್ಪು ಬೆಲ್ಟಿನ ದರ್ಜೆ), ಅದನ್ನು ಕೊಟ್ಟವರು ಯಾರು ಅಂತ ಕೇಳಿ.