ಮಾರ್ಗದರ್ಶಿಯ ಅಭಿಪ್ರಾಯ

ಹದಿಹರೆಯದವರ ಸಂಘವೊಂದಕ್ಕೆ ನಾನು ಕೆಲವು ವರ್ಷಗಳಿಂದ ಮಾರ್ಗದರ್ಶಿಯಾಗಿದ್ದೇನೆ. ಹೆಸರು ದೊಡ್ಡದಾದರೂ ಕೆಲಸ ಚಿಕ್ಕದು. ವಾರಕ್ಕೊಮ್ಮೆ ಮಕ್ಕಳು ಸೇರುವ ಕೋಣೆಯ ಬೀಗ ತೆಗೆಯುವುದು, ಅವರ ಜಗಳ ಕೈ ಮೀರುವ ಮುನ್ನ ನಡುವೆ ಹೋಗಿ ನಿಲ್ಲುವುದು, ವರ್ಷದ ಕೊನೆಗೆ ಅವರವರ ದಾಖಲೆ ಪುಸ್ತಕಗಳನ್ನು ಓದಿ ರುಜು ಹಾಕುವುದು, ಇಷ್ಟೇ. ಮೊದಲೆರಡು ಕೆಲಸಗಳನ್ನು ನಾನು ಸುಮಾರಾಗಿ ನಿಭಾಯಿಸಿದ್ದೇನೆ ಎಂದುಕೊಂಡಿದ್ದೇನೆ. ಮೂರನೆಯದರ ಬಗ್ಗೆ ಮಾತ್ರ ಈ ವರ್ಷ ಅನುಮಾನ ಹುಟ್ಟಿದೆ.

ದಾಖಲೆ ಪುಸ್ತಕವೆಂದರೆ ಒಬ್ಬ ಹುಡುಗ ಅಥವಾ ಹುಡುಗಿ ವರ್ಷವಿಡೀ ಸಂಘದಲ್ಲಿ ಏನೇನು ಮಾಡಿದರು, ಏನೇನು ಕಲಿತರು, ಯಾವ ಹೊಣೆ ಹೊತ್ತರು ಎಂಬುದನ್ನು ಅವರೇ ಬರೆದಿಡುವ ಪುಸ್ತಕ. ಅದರಲ್ಲಿ ದಿನಾಂಕಕ್ಕೊಂದು ಕಾಲಂ, ಚಟುವಟಿಕೆಗೊಂದು, ಕಳೆದ ಗಂಟೆಗಳಿಗೊಂದು, 'ಕಲಿತದ್ದೇನು' ಎಂಬುದಕ್ಕೊಂದು, ಕೊನೆಯಲ್ಲಿ 'ಮಾರ್ಗದರ್ಶಿಯ ಅಭಿಪ್ರಾಯ' ಎಂಬ ಎರಡು ಗೆರೆಗಳ ಜಾಗ ಇರುತ್ತವೆ. ಗಂಟೆಗಳ ಕಾಲಂ ಎಲ್ಲರಲ್ಲೂ ಭರ್ತಿಯಾಗಿರುತ್ತದೆ. 'ಕಲಿತದ್ದೇನು' ಎಂಬ ಕಾಲಂನಲ್ಲಿ ಬಹುಪಾಲು ಮಕ್ಕಳು 'ತುಂಬಾ ಕಲಿತೆನು' ಎಂದು ಬರೆದಿರುತ್ತಾರೆ. ಇನ್ನು 'ಸಕ್ರಿಯವಾಗಿ ಭಾಗವಹಿಸಿದೆನು' ಎಂಬ ವಾಕ್ಯವನ್ನು ಒಮ್ಮೆ ಒಂದೇ ಪುಸ್ತಕದಲ್ಲಿ ಎಣಿಸುತ್ತಾ ಹೋಗಿ ಹತ್ತೊಂಬತ್ತಕ್ಕೆ ಬಂದಾಗ ಎಣಿಕೆ ಬಿಟ್ಟೆ. ಹದಿನಾಲ್ಕರ ಮಕ್ಕಳು ತಮ್ಮತಮ್ಮಲ್ಲಿ ಎಂದೂ ಹೀಗೆ ಮಾತನಾಡುವುದಿಲ್ಲ. ದೊಡ್ಡವರು ಓದುವ ಪುಸ್ತಕವೆಂದು ತಿಳಿದೊಡನೆ, ಮನೆಗೆ ನೆಂಟರು ಬಂದಾಗ ಒಳ್ಳೆಯ ಅಂಗಿ ಹಾಕಿಕೊಳ್ಳುವಂತೆ, ಭಾಷೆಗೂ ಇಸ್ತ್ರಿ ಹಾಕಿಬಿಡುತ್ತಾರೆ.

ಇಂಥ ಪುಸ್ತಕಗಳ ಹುಟ್ಟು ಲೆಕ್ಕದ ಪುಸ್ತಕಕ್ಕೆ ಹತ್ತಿರವಾದದ್ದು ಎಂಬುದನ್ನು ನೆನೆದರೆ ಗಂಟೆಗಳ ಕಾಲಂ ಏಕೆ ಅಷ್ಟು ಅಗಲವಾಗಿದೆ ಎಂಬುದು ಅರ್ಥವಾಗುತ್ತದೆ. 1902ರಲ್ಲಿ ಅಮೆರಿಕದ ಒಹಾಯೊ ಪ್ರಾಂತ್ಯದಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಮೇಲ್ವಿಚಾರಕರು ಹಳ್ಳಿಯ ಮಕ್ಕಳಿಗಾಗಿ ಕಟ್ಟಿದ ಕೂಟದಂಥವುಗಳಿಂದಲೇ ಮುಂದೆ '4-ಎಚ್' ಸಂಘಗಳು ಬೆಳೆದವು. ಆ ಕಾಲದ ಮೆಕ್ಕೆಜೋಳದ ಸಂಘಗಳಲ್ಲಿ ಹುಡುಗನಿಗೆ ಒಂದು ಎಕರೆ, ಅದರ ಬೆಳೆಗೊಂದು ಲೆಕ್ಕ. 1910ರಲ್ಲಿ ದಕ್ಷಿಣ ಕೆರೊಲಿನಾದ ಹುಡುಗನೊಬ್ಬ ತನ್ನ ಒಂದು ಎಕರೆಯಲ್ಲಿ, ಬುಷೆಲ್ ಎಂಬ ಧಾನ್ಯದ ಅಳತೆಯಲ್ಲಿ, 228 ಬುಷೆಲ್‌ಗೂ ಮಿಕ್ಕಿ ಜೋಳ ತೆಗೆದು ಹೆಸರಾದ. ಜೋಳವನ್ನು ಅಳೆಯುವುದು ಸುಲಭ. ಸುರಿದರೆ ರಾಶಿಯಾಗುತ್ತದೆ, ತೂಗಿದರೆ ಅಂಕಿ ಸಿಗುತ್ತದೆ. ತೊಡಕು ಶುರುವಾದದ್ದು ಆಮೇಲೆ. ಆ ಸಂಘಗಳ ಹೆಸರಿನಲ್ಲಿರುವ ನಾಲ್ಕು 'ಎಚ್'ಗಳು ಇಂಗ್ಲಿಷಿನಲ್ಲಿ ತಲೆ, ಹೃದಯ, ಕೈ, ಆರೋಗ್ಯಗಳನ್ನು ಸೂಚಿಸುತ್ತವೆ. ಇವುಗಳಲ್ಲಿ ಕೈ ಮಾಡಿದ ಕೆಲಸವನ್ನು ತೋರಿಸಬಹುದು, ಆರೋಗ್ಯವನ್ನು ಅಷ್ಟಿಷ್ಟು ಪರೀಕ್ಷಿಸಬಹುದು, ತಲೆಗೆ ಪ್ರಶ್ನೆಪತ್ರಿಕೆ ಕೊಡಬಹುದು. ಹೃದಯವನ್ನು ಯಾವ ಕಾಲಂನಲ್ಲಿ ತುಂಬಿಸುವುದು?

ಸ್ಕೌಟ್ ಚಳವಳಿಯವರು ಇದಕ್ಕೆ ಜಾಣತನದ ಉಪಾಯವೊಂದನ್ನು ಕಂಡುಕೊಂಡರು. 1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರನ್ನು ಕಟ್ಟಿಕೊಂಡು ನಡೆಸಿದ ಶಿಬಿರದಿಂದ ಮೊದಲಾದ ಆ ಚಳವಳಿಯಲ್ಲಿ ಕಲಿತ ವಿದ್ಯೆಗೊಂದು ಬಿಲ್ಲೆ ಸಿಗುತ್ತದೆ, ಅದನ್ನು ಸಮವಸ್ತ್ರಕ್ಕೆ ಹೊಲಿದುಕೊಳ್ಳುತ್ತಾರೆ. ದಾಖಲೆ ತೋಳಿನ ಮೇಲೇ ಇರುವುದರಿಂದ ಪುಸ್ತಕ ಬಿಚ್ಚುವ ಅಗತ್ಯವಿಲ್ಲ. ಆದರೆ ಬಿಲ್ಲೆ ಹೇಳುವುದು ಮುಗಿದ ಕಥೆಯನ್ನು ಮಾತ್ರ. ಗಂಟು ಬಾರದೆ ಹಗ್ಗ ಬಿಸಾಡಿ ಎದ್ದುಹೋದ ಸಂಜೆ ಅದರಲ್ಲಿ ಎಲ್ಲಿಯೂ ಕಾಣುವುದಿಲ್ಲ. 1956ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿಯ ಕ್ರಮ ನನಗೆ ಇನ್ನೂ ಹಿಡಿಸುತ್ತದೆ. ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತಗಳಿದ್ದರೂ ಅಲ್ಲಿ ಯಾರೂ ಯಾರನ್ನೂ ಸೋಲಿಸಬೇಕಾಗಿಲ್ಲ. ಸೇವೆಯನ್ನೋ ಕೌಶಲವನ್ನೋ ವಾರಕ್ಕೆ ಸುಮಾರು ಒಂದು ಗಂಟೆಯಂತೆ ಎಷ್ಟು ತಿಂಗಳು ಬಿಡದೆ ಮಾಡಿದೆ ಎಂಬುದೇ ಮುಖ್ಯ. ಎರಡನೆಯ ವಾರ ಬೇಸರ ಬಂದರೂ ಮೂರನೆಯ ವಾರ ಬಂದೆಯಾ ಎಂದು ಕೇಳುವ ಪುಸ್ತಕ ಹದಿಹರೆಯದ ಸ್ವಭಾವವನ್ನು ಬಲ್ಲ ಪುಸ್ತಕ.

ಬೆಳವಣಿಗೆಯನ್ನು ಬರೆದಿಟ್ಟವರಲ್ಲಿ ನನಗೆ ತೀರ ಇಷ್ಟವಾದವನು ಯಾವ ಸಂಘಕ್ಕೂ ಸೇರಿದವನಲ್ಲ. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಮಾಂಟ್‌ಬೆಯಾರ್ ಎಂಬ ತಂದೆ ತನ್ನ ಮಗನ ಎತ್ತರವನ್ನು 1759ರಿಂದ 1777ರವರೆಗೆ, ಸುಮಾರು ಆರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟ. ಅವನ ಗೆಳೆಯ, ನಿಸರ್ಗ ವಿಜ್ಞಾನಿ ಬ್ಯುಫಾನ್, ಅದನ್ನು ಪ್ರಕಟಿಸಿದ. ಇಪ್ಪತ್ತನೆಯ ಶತಮಾನದವರು ಆ ಅಂಕಿಗಳನ್ನು ನಕ್ಷೆಯಾಗಿ ಬರೆದು ನೋಡಿದಾಗ, ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದ ಬೆಳವಣಿಗೆಯ ವೇಗ ಹದಿನಾಲ್ಕರ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಗುಡ್ಡದ ಹಾಗೆ ಏರಿ ಮತ್ತೆ ಇಳಿದದ್ದು ಸ್ಪಷ್ಟವಾಗಿ ಕಂಡಿತು. ಹದಿನೆಂಟು ವರ್ಷ ಆ ತಂದೆ 'ಉತ್ತಮವಾಗಿ ಬೆಳೆಯುತ್ತಿದ್ದಾನೆ' ಎಂದಷ್ಟೇ ಬರೆದಿಟ್ಟಿದ್ದರೆ ಆ ಗುಡ್ಡ ಯಾರಿಗೂ ಕಾಣುತ್ತಿರಲಿಲ್ಲ. ಬೆಳೆಯುವವರಿಗಂತೂ ತಾವು ಬೆಳೆಯುತ್ತಿರುವುದು ಗೊತ್ತೇ ಆಗುವುದಿಲ್ಲ. ಮೊದಲು ಗೊತ್ತಾಗುವುದು ಪ್ಯಾಂಟಿನ ಅಂಚಿಗೆ.

ದಾಖಲೆ ಪುಸ್ತಕದಲ್ಲೂ ಬೆಳವಣಿಗೆ ಹೀಗೆ ಅಂಚುಗಳಲ್ಲೇ ಕಾಣುತ್ತದೆ ಎನ್ನುವುದು ನನ್ನ ಅನುಭವ. ಫೋಟೊಗಳನ್ನು ನೋಡಿ ಏನೂ ತಿಳಿಯುವುದಿಲ್ಲ, ಏಕೆಂದರೆ ಹೆಚ್ಚು ದುಡಿದವರೇ ಅವುಗಳಲ್ಲಿ ಇರುವುದಿಲ್ಲ; ಅವರು ಫೋಟೊ ತೆಗೆಯುತ್ತಲೋ ಕುರ್ಚಿ ಜೋಡಿಸುತ್ತಲೋ ಇರುತ್ತಾರೆ. ಕೈಬರಹ ಮಾತ್ರ ಸುಳ್ಳು ಹೇಳುವುದಿಲ್ಲ. ವರ್ಷದ ಮೊದಲಿಗೆ ಗೆರೆಯ ಮೇಲೆ ನಿಲ್ಲಲಾರದೆ ಓಲಾಡುತ್ತಿದ್ದ ಅಕ್ಷರಗಳು ನಡುವೆ ಒಮ್ಮೆ ಯಾರದೋ ಶೈಲಿಯನ್ನು ನಕಲು ಮಾಡಿ ವಿಪರೀತ ಓರೆಯಾಗಿ, ಕೊನೆಗೆ ತಮ್ಮದೇ ಒಂದು ನಿಲುವಿಗೆ ಬಂದಿರುತ್ತವೆ.

ಈ ವರ್ಷ ನನ್ನನ್ನು ತಡೆದು ನಿಲ್ಲಿಸಿದ್ದು ದಾಖಲೆ ಪುಸ್ತಕವಲ್ಲ, ಚಂದಾ ಲೆಕ್ಕದ ಒಂದು ನೋಟ್‌ಬುಕ್. ಸಂಘದ ಖಜಾಂಚಿ ಹದಿನಾಲ್ಕು ವರ್ಷದ ಹುಡುಗಿ. ಅವಳ ದಾಖಲೆ ಪುಸ್ತಕದಲ್ಲಿ 'ಖಜಾಂಚಿಯಾಗಿ ಸಕ್ರಿಯವಾಗಿ ಕಾರ್ಯನಿರ್ವಹಿಸಿದೆನು' ಎಂದಿತ್ತು. ಮೊತ್ತಗಳನ್ನು ಸರಿನೋಡಲೆಂದು ನೋಟ್‌ಬುಕ್ ತೆರೆದರೆ ಒಂದು ಪುಟದ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಬರೆದ ಸಾಲುಗಳಿದ್ದವು. ಮೊದಲ ವಾರ: 'ಲೆಕ್ಕ ತಾಳೆಯಾಗಲಿಲ್ಲ.' ಎರಡನೆಯ ವಾರ: 'ಮತ್ತೆ ಕೂಡಿಸಿದೆ. ತಾಳೆಯಾಗಲಿಲ್ಲ. ರಸೀದಿ ಪುಸ್ತಕದಲ್ಲೇ ತಪ್ಪಿರಬೇಕು.' ಮೂರನೆಯ ವಾರ: 'ಹಿಂದಿನ ಖಜಾಂಚಿ ಸರಿಯಾಗಿ ಬರೆದಿಲ್ಲ.' ನಾಲ್ಕನೆಯ ವಾರ ದಿನಾಂಕವೊಂದೇ ಇತ್ತು, ಮುಂದೆ ಏನೂ ಇರಲಿಲ್ಲ. ಐದನೆಯ ವಾರ: 'ಕಾರಣ ನಾನೇ. ನಾಲ್ಕು ಜನರ ಚಂದಾ ಬರೆದುಕೊಂಡಿದ್ದೆ, ಹಣ ನನ್ನ ಬ್ಯಾಗಿನ ಒಳಜೇಬಿನಲ್ಲೇ ಇತ್ತು. ಇನ್ನು ಮೇಲೆ ಹಣ ಡಬ್ಬಿಗೆ ಹಾಕಿದ ಮೇಲೆ ಬರೆಯುವುದು.'

ನಾನು ಆ ಪುಟವನ್ನು ಎರಡು ಸಲ ಓದಿದೆ. ಮುಂದಿನ ವಾರ ಅವಳನ್ನು ಕರೆದು, ಇದನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕಿತ್ತು ಎಂದೆ. ಅವಳ ಮುಖ ಕೆಂಪಾಯಿತು. ಬೈಯಲು ಕರೆದಿದ್ದೇನೆ ಎಂದುಕೊಂಡಳೋ ಏನೋ, "ಆಮೇಲೆ ಅಳಿಸಬೇಕು ಅಂತಿದ್ದೆ ಸರ್, ಮರೆತುಹೋಯಿತು" ಎಂದಳು. ಅಳಿಸಬೇಡ, ಅದನ್ನೇ ಬರೆ ಎಂದು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಸಾಧನೆ ಅಲ್ಲವಲ್ಲ ಸರ್. ಯಾವ ಕಾಲಂನಲ್ಲಿ ಬರೆಯಲಿ?" ಎಂದು ಕೇಳಿದಳು. ನಾನು ಪುಸ್ತಕ ತಿರುವಿ ಹಾಕಿದೆ. 'ಸಾಧನೆಗಳು' ಎಂಬ ಕಾಲಂ ಇತ್ತು, 'ಪಡೆದ ಬಹುಮಾನಗಳು' ಎಂಬುದಿತ್ತು, 'ವಹಿಸಿದ ಜವಾಬ್ದಾರಿಗಳು' ಇತ್ತು. ಐದು ವಾರ ಬೇರೆಯವರ ತಪ್ಪನ್ನು ಹುಡುಕಿ ಕೊನೆಗೆ ತನ್ನ ಬ್ಯಾಗು ತಡಕಿದ ಸಂಗತಿಗೆ ಅವುಗಳಲ್ಲಿ ಯಾವುದೂ ಹೊಂದುವಂತಿರಲಿಲ್ಲ. ಬೇರೆ ಹಾಳೆಯಲ್ಲಿ ಬರೆದು ಅಂಟಿಸು ಎಂದೆ. ಅಂಟಿಸಿದಳು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿದರೆ ಮಾತ್ರ ಓದಲು ಸಿಗುವಂತೆ.

ಹೋಗುವಾಗ ಬಾಗಿಲ ಬಳಿ ನಿಂತು, ತುಸು ಅಳುಕಿನಿಂದಲೇ ಇನ್ನೊಂದು ಪ್ರಶ್ನೆ ಕೇಳಿದಳು. "ಸರ್, ಹೋದ ವರ್ಷ ನನ್ನ ಪುಸ್ತಕದಲ್ಲಿ 'ಉತ್ತಮ ಪ್ರಗತಿ' ಅಂತ ಬರೆದಿದ್ದಿರಿ. ಎಲ್ಲರ ಪುಸ್ತಕದಲ್ಲೂ ಅದೇ ಇತ್ತು. ನಂದು ಯಾವುದರಲ್ಲಿ ಉತ್ತಮ ಇತ್ತು ಸರ್?"

ನೆನಪಿಲ್ಲ ಎಂದು ಹೇಳಲು ನಾಚಿಕೆಯಾಗಿ, ನೋಡಿ ಹೇಳುತ್ತೇನೆ ಎಂದೆ. ಈಗ ಮೂರು ದಿನಗಳಿಂದ ಹನ್ನೆರಡು ಪುಸ್ತಕಗಳೂ ನನ್ನ ಮೇಜಿನ ಮೇಲಿವೆ. ಹನ್ನೊಂದರಲ್ಲಿ ಆ ಎರಡು ಗೆರೆಗಳು ಇನ್ನೂ ಖಾಲಿ. ಅವಳ ಪುಸ್ತಕದಲ್ಲಿ ಬರೆಯಲು ಹೊರಟರೆ ಗೆರೆಗಳು ಸಾಲುತ್ತಿಲ್ಲ. ನಾನೂ ಒಂದು ಹಾಳೆ ಕತ್ತರಿಸಿ ಗೋಂದು ಹುಡುಕುತ್ತಿದ್ದೇನೆ.